ನಮ್ಮತ್ತಿ ಪೂಜಾ ಮಾಡಿದ ಗಾಳ

ಮಂದಿ ರಿಟೈರ್ ಆದ ಮ್ಯಾಲೆ ಕಾಶಿಗೆ ಹೋಗ್ತಾರ, ಇಲ್ಲಾ ಮೊಣಕಾಲಿಗೆ ಎಣ್ಣಿ ಹಚ್ಚಿಕೊಂಡು ಕುಂದರ್ತಾರ. ನಾ ಟೀಚರ್ ಕೆಲಸಾ ಮುಗಿಸಿ ಸಾಲಿ ಬಿಟ್ಟು ಬಂದಾಕಿ ಮೀನ ಹಿಡಿಯೋ ಗಾಳ ಖರೀದಿ ಮಾಡಿದೆ. ಸೋಮವಾರ ಉಳ್ಳಾಗಡ್ಡಿ ಸುದ್ದಾ ಒಲಿ ಏರದ ಮನಿ ನಮ್ಮದು. ಅಂಥಾ ಮನಿ ಸೊಸಿ ಗಾಳ ಹಿಡಿದ್ರ ನಗೋ ಪ್ರಸಂಗ ಒಂದರ ಬೆನ್ನಿಗೊಂದು ಬರಾವ.

ಈ ಹುಚ್ಚು ಇವತ್ತಿಂದಲ್ಲ. ಈಗ ಡ್ಯಾಮಿನ ಹಿನ್ನೀರಾಗ ಮುಳುಗಿದ ಬಾಗಲಕೋಟಿ ಓಣಿಗೆ ನಾ ಹೊಸ ಸೊಸಿ ಆಗಿ ಬಂದಾಗ, ಹಿತ್ತಲ ಕಟ್ಟಿ ಮ್ಯಾಲೆ ನಿಂತು ಹೊಳ್ಯಾಗ ಗಾಳ ಹಾಕೋರನ್ನ ನೋಡ್ತಿದ್ದೆ. ಒಮ್ಮಿ ನಾನೂ ಹಾಕ್ಲೇನ್ರಿ ಅಂತ ಅತ್ತಿಯವರನ್ನ ಕೇಳಿದೆ. ಗಾಳ ಬ್ಯಾಡ, ಕೊಡ ಹಿಡಿ ಅಂದ್ರು. ಕೊಡ ಹಿಡಿದೆ, ಆಮ್ಯಾಲೆ ಸಾಲ್ಯಾಗ ಬೋರ್ಡಿನ ಮ್ಯಾಲೆ ಬರಿಯೋ ಖಡು ಹಿಡಿದೆ. ಗಾಳದ ಆಸೆ ಮಾತ್ರ ಹಂಗ ಉಳೀತು.

ಅಂಗಡ್ಯಾಗ

ಪೆನ್ಶನ್ ಇನ್ನೂ ಚಾಲೂ ಆಗಿರಲಿಲ್ಲ, ಹಿಂಗಾಗಿ ಕೈ ಭಾಳ ಬಿಗಿ. ಮುಳುಗದ ಉಳಿದ ಹಳೇ ಬಾಗಲಕೋಟಿ ಪ್ಯಾಟ್ಯಾಗ ಮೀನಿನ ಬಲಿ, ಹಗ್ಗ ಮಾರೋ ಅಂಗಡ್ಯಾವ ಮೊದಲ ರೀಲ್ ಇದ್ದ ಕೋಲ ತೋರಿಸಿದ. ಬೆಲಿ ಕೇಳಿ ನಾ ಅದನ್ನ ಮುಟ್ಟಲೂ ಇಲ್ಲ. ಆಮ್ಯಾಲೆ ಒಂದರೊಳಗೊಂದು ಸೇರಿ ಗಿಡ್ಡ ಆಗೋ ಸಾದಾ ಕೋಲ ತಗದ. ಇಳಕಲ್ ಸೀರಿ ಆರಿಸಿದಂಗ ಅದನ್ನ ಬೆಳಕಿಗೆ ಹಿಡಿದೆ, ಉಗುರಲೆ ಕೆರದೆ, ಬಣ್ಣ ಬಿಡತೈತೇನು ಅಂತ ಕೇಳಿದೆ. ಬಣ್ಣ ಬಿಟ್ರ ಮೀನ ಏನೂ ವಾಪಸ್ ತಂದು ಕೊಡಂಗಿಲ್ರಿ ಅಕ್ಕಾರ, ಅಂದ.

ಎಷ್ಟ ದೊಡ್ಡ ಮೀನ ಹಿಡೀತೀರಿ, ಅದರ ಮ್ಯಾಲೆ ಗಾಳ ಕೊಡ್ತೇನಿ ಅಂತ ಕೇಳಿದ. ನಾವು ತಿನ್ನೋ ಮಂದಿ ಅಲ್ಲಪಾ, ಹಿಡಿದು ನೋಡಿ ವಾಪಸ್ ಬಿಡೋದು ಅಂದೆ. ಅವ ಕೈಯಾಗಿನ ಗಾಳ ಡಬ್ಬಿಗೆ ವಾಪಸ್ ಹಾಕಿದ.

"ಹಂಗಾದ್ರ ಬರೇ ಕೋಲ ಒಯ್ಯಿರಿ ಅಕ್ಕಾರ. ಗಾಳದ ರೊಕ್ಕರ ಉಳೀತೈತಿ."

ಬಸ್ಸಿನ್ಯಾಗ

ಕೋಲ, ಗಾಳ ಎರಡೂ ತಗೊಂಡು ನವನಗರದ ಮನಿಗೆ ವಾಪಸ್ ಬರಾಕ ಹುನಗುಂದದ ಬಸ್ ಹತ್ತಿದೆ. ಗದ್ದಲ ಅಂದ್ರ ಗದ್ದಲ. ಬಾಜೂ ಕುಂತಿದ್ದ ಹೆಣ್ಣಮಗಳು ಇದೇನ್ರಿ ಅಂತ ಕೇಳಿದ್ದ ತಡ, ನನಗ ಹಿಗ್ಗು ತಡಕೊಳ್ಳಾಕ ಆಗ್ಲಿಲ್ಲ. ಕೋಲ ಎಳದು ತೋರಿಸಿದೆ. ಎಳದಂಗ ಎಳದಂಗ ಉದ್ದ ಆಗಿ, ಅದರ ತುದಿ ಕಂಡಕ್ಟರನ ತಲಿ ದಾಟಿ ಮುಂದ ಹೋತು. ಮುಚ್ಚಾಕ ಹೋದ್ರ ಒಂದ ಗೆಣ್ಣು ಸಿಕ್ಕೊಂಡು ಕುಂತುಬಿಡ್ತು.

ಕಡೀಕ ಅದನ್ನ ಮ್ಯಾಲಿನ ಕಂಬಿಗೆ ಕೈಚೀಲದ ದಾರದಿಂದ ಕಟ್ಟಿದೆ. ನಿಂತ ಮಂದಿ ಕಂಬಿ ಬಿಟ್ಟು ನನ್ನ ಕೋಲಿಗೆ ಕೈ ಹಾಕಿ ಆರಾಮ ನಿಂತ್ರು. ನವನಗರ ಬಂತು, ಬಿಡ್ರೆಪಾ, ನನ್ನ ಗಾಳ ಐತಿ ಅಂದೆ. ಒಬ್ಬ ಹಿರಿಯರು ಕೈ ತಗೀಲಿಲ್ಲ.

"ನೀವ ಇಳೀರಿ ತಂಗಿ. ಇದು ಇಲ್ಲೇ ಇರ್ಲಿ, ಹಿಡಕೊಳ್ಳಾಕ ಛಲೋ ಐತಿ."

ಖಂಡೇನವಮಿ

ಇನ್ನ ದೊಡ್ಡ ಗಂಡಾಂತರ ಮನ್ಯಾಗಿತ್ತು. ಅತ್ತಿಯವರಿಗೆ ಗಾಳ ಕಂಡ್ರ ಅದು ಅಂಗಳಕ್ಕ ಬೀಳೋದು ಖರೆ. ನಮ್ಮನಿಯವರು ನಾ ಈ ಸುದ್ದಿಗೆ ಬರಂಗಿಲ್ಲ ಅಂತ ಪೇಪರ್ ಅಡ್ಡ ಹಿಡಿದ್ರು. ಬಸ್ಸಿನ್ಯಾಗಿಂದ ಹೆಂಗೋ ಬಿಡಿಸಿ ತಂದ ಕೋಲನ್ನ ನಾ ಗಿಡ್ಡ ಮಾಡಿ ಅಟ್ಟದ ಮ್ಯಾಲೆ ಮುಚ್ಚಿಟ್ಟು ಖಂಡೇನವಮಿ ಹಾದಿ ಕಾದೆ.

ಆಯುಧ ಪೂಜಾದ ಆ ದಿನ ಮನ್ಯಾಗಿನ ಎಲ್ಲಾ ಸಾಮಾನಿಗೆ ಪೂಜಾ. ಕುಡಗೋಲು, ಕತ್ರಿ, ನನ್ನ ಹೊಲಿಗಿ ಮಿಷಿನ್, ಮಿಕ್ಸಿ ಎಲ್ಲಾ ಸಾಲಾಗಿ ಇಟ್ಟೆ. ನಡುವ ಗಾಳದ ಕೋಲನ್ನೂ ಇಟ್ಟೆ. ಅತ್ತಿಯವರು ಒಂದೊಂದಕ್ಕ ವಿಭೂತಿ, ಕುಂಕುಮ ಹಚ್ಚಿಕೋತ ಬಂದ್ರು. ಕೋಲಿನ ಹತ್ರ ಕೈ ನಿಂತಿತು. ಆಮ್ಯಾಲೆ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಮುಂದ ಹೋದ್ರು. ಗೆದ್ದೆ ಅಂತ ನಾ ಒಳಗೊಳಗ ಹಿಗ್ಗಿದೆ.

ಕಾಯಿ ಒಡದು, ಎಲ್ಲಾರಿಗೂ ಪ್ರಸಾದ ಕೊಟ್ಟ ಮ್ಯಾಲೆ ಅವರು ಬಾಯಿ ಬಿಟ್ರು.

"ಕಣ್ಣು ಮಂಜ ಆಗ್ಯಾವು ತಂಗಿ, ಕುರುಡ ಆಗಿಲ್ಲ. ಹಬ್ಬದ ದಿನ ಸಾಮಾನಿಗೆ ಇಲ್ಲ ಅನಬಾರದು ಅಂತ ಹೂ ಏರಿಸೇನಿ. ಗಾಳ ಮನ್ಯಾಗ ಇರ್ಲಿ. ಆದ್ರ ಮೀನ ಈ ಮನಿ ಹೊಸ್ತಿಲ ದಾಟಂಗಿಲ್ಲ."

ಅಷ್ಟ ಅಂದು, ಮಿಕ್ಸಿಗೆ ಹೂ ಏರಿಸೋದು ಮರತೇನಿ ನೋಡು ಅಂತ ಎದ್ದ ಹೋದ್ರು.

ಹಿನ್ನೀರಿನ ದಂಡಿ ಮ್ಯಾಲೆ

ಹಬ್ಬ ಆಗಿ ಬಂದ ರವಿವಾರ ಮುಂಜಾನೆ ಗಾಳ ತಗೊಂಡು ಹೊಂಟೆ. ನಾನೂ ಬರ್ತೇನಿ ಅಂತ ಅತ್ತಿಯವರು ಆಟೋದಾಗ ಮೊದಲ ಹತ್ತಿ ಕುಂತಿದ್ರು. ಹುಳಾ ಚುಚ್ಚಿ ಪಾಪ ಕಟ್ಟಿಕೋಬ್ಯಾಡ ಅಂತ, ಜ್ವಾಳದ ಹಿಟ್ಟಿಗೆ ಅರಿಷಿಣ ಹಾಕಿ ಗಟ್ಟಿ ನಾದಿ ಡಬ್ಬ್ಯಾಗ ತಂದಿದ್ರು. ಮಡಿ ಉಟ್ಟು ನಾದಿದ್ದು, ಎಂಜಲ ಮಾಡಬ್ಯಾಡ ಅಂತ ನನಗ ಬ್ಯಾರೆ ತಾಕೀತು.

ಹಳೇ ಮನಿ ಈ ನೀರಾಗ ಮುಳುಗಿ ನವನಗರಕ್ಕ ಬಂದ ಮ್ಯಾಲೆ ಅತ್ತಿಯವರು ಆ ದಂಡಿಗೆ ಬಂದಿರಲೇ ಇಲ್ಲ. ಬಂದ್ರ ಕಣ್ಣಾಗ ನೀರು ತರ್ತಾರೇನೋ ಅಂತ ನಮಗ ಅಂಜಿಕಿ. ಜೋಡಿ ಬಂದಿದ್ದ ನಮ್ಮನಿಯವರು ಚಾಪಿ ಹಾಸಿದ್ರು; ಅತ್ತಿಯವರು ಅದರ ಮ್ಯಾಲೆ ಕುಂತು ಸುತ್ತ ನೋಡಿದ್ರು. ಮುರದ ಗ್ವಾಡಿ ಒಂದು, ಜಾಲಿ ಗಿಡ ಒಂದು ಗುರ್ತು ಹಿಡಿದ್ರು. ನಾ ಗಾಳ ಬೀಸಿದೆ.

ಅಲ್ಲಿ ಬ್ಯಾಡ, ಅದು ಬಾಜೂ ಮನಿಯವರ ಹಿತ್ತಲ, ಅವರು ಮೊದಲ ಜಗಳಗಂಟರು ಅಂದ್ರು. ತಗದು ಎಡಕ್ಕ ಹಾಕಿದೆ. ಅದು ದನ ಕಟ್ಟೋ ಜಾಗಾ, ಇನ್ನೀಟ ಮುಂದ ಅಂದ್ರು. ಮುಂದ ಹಾಕಿದೆ. ಹಾಂ, ಈಗ ಸರಿ, ಅದು ನಮ್ಮ ಅಡಗಿಮನಿ ಅಂತ ಸುಮ್ಮನಾದ್ರು.

ಭಾಳೊತ್ತು ಆಗಿರಲಿಲ್ಲ, ದಾರ ಜಗ್ಗಿತು. ಎರಡೂ ಕೈಲೆ ಕೋಲ ಹಿಡಿದು ಎತ್ತಿದೆ. ಅಂಗೈಕಿಂತ ಈಟ ದೊಡ್ಡ ಮೀನ ಪಳಪಳ ಹೊಳಕೋತ ಮ್ಯಾಲೆ ಬಂತು. ಇಷ್ಟ ವರ್ಷ ಮಕ್ಕಳಿಗೆ ಪಾಠ ಹೇಳೇನಿ, ಪಾರಿತೋಷಕ ತಗೊಂಡೇನಿ; ಅಷ್ಟ ಹಿಗ್ಗು ಎಂದೂ ಆಗಿರಲಿಲ್ಲ. ಎದಿ ಉಬ್ಬಿಸಿ ಅತ್ತಿಯವರ ಮುಂದ ಹಿಡಿದು, ಈಗ ಬಿಟ್ಟಬಿಡ್ತೇನ್ರಿ, ಹೊಸ್ತಿಲ ದಾಟಸಂಗಿಲ್ಲ ಅಂದೆ.

ಅವರು ಬಗ್ಗಿ ಮೀನ ನೋಡಿದ್ರು. ನೀರು ನೋಡಿದ್ರು. ಕಣ್ಣು ಒದ್ದಿ ಆಗಿದ್ದು ನನಗ ಕಾಣ್ತು, ಆದ್ರ ತುಟ್ಯಾಗ ನಗಿ ಇತ್ತು.

"ಹೊಸ್ತಿಲ ಅಂತೀಯಲ್ಲ ತಂಗಿ, ಇದು ನನ್ನ ಕೇಳದ ನಮ್ಮ ಹಳೇ ಮನಿ ಹೊಸ್ತಿಲ ದಾಟಿ, ಒಲಿ ಮುಂದ ಸಂಸಾರ ಹೂಡೈತಿ. ಬಿಡು, ಅದರ ಮನಿಗೆ ಅದು ಹೋಗ್ಲಿ."

ಬಿಟ್ಟೆ. ಅವರು ಸೆರಗ ನಡಕ್ಕ ಸಿಗಿಸಿ ನನ್ನ ಕಡೆ ಕೈ ಚಾಚಿದ್ರು.

"ಕೊಡು ಇಲ್ಲೆ ಆ ಕೋಲ. ದೇವರ ಖೋಲ್ಯಾಗೂ ಯಾರರ ಹೊಕ್ಕಾರೇನು ನೋಡ್ತೇನಿ."