ಹಲ್ಲಿನ ಡಾಕ್ಟರಮ್ಮನ ಝೋನು

ಗಿರಾಕಿಗಳ ಫೋನು ಎತ್ತುವ ಫೋನಕ್ಕ ತನ್ನ ಅತ್ತೆಯ ಜಗಳದ ಕತೆ ಹೇಳಲು ಕುರ್ಚಿ ಎಳೆದುಕೊಂಡು ಬಂದದ್ದೇ ಎಡವಟ್ಟಿಗೆ ಮೂಲವಾಯಿತು.

ಮೂರ್ಸಲ ಆಗ ವೆಬ್‌ಸೈಟು ನಡೆಸಿಕೊಡುವ ಕಂಪನಿಯ ಡಿಎನ್ಎಸ್ ಸರ್ವರಿನಿಂದ ಹಳೆಯ ಝೋನುಗಳನ್ನು ತೆಗೆಯುತ್ತಿದ್ದ. ಝೋನೆಂದರೆ ಗಿರಾಕಿಯ ವೆಬ್‌ಸೈಟು ಎಲ್ಲಿದೆ, ಇಮೇಲು ಎಲ್ಲಿಗೆ ಹೋಗಬೇಕು ಎಂದು ಹೇಳುವ ವಿಳಾಸಪತ್ರ. ಗಿರಾಕಿ ಕಂಪನಿ ಬಿಟ್ಟು ಹೋದರೂ ಪತ್ರ ಇಲ್ಲೇ ಕೊಳೆಯುತ್ತಿರುತ್ತದೆ. ಆದರೆ ಇರುವ ಗಿರಾಕಿಯದನ್ನು ಅಳಿಸಿದರೆ ಅವನ ಅಂಗಡಿಯೇ ಮಾಯ! ಅಂಥದೊಂದು ಅಳಿಸಿದರೂ ಅಂದೇ ಮನೆಗೆ ಕಳಿಸುವುದಾಗಿ ಮ್ಯಾನೇಜರ್ ಗುಡುಗಿದ್ದರು. ಮೂರ್ಸಲನೋ ಚಪ್ಪಲಿಯನ್ನೂ ಮೂರು ಸಲ ನೋಡಿ ಮೆಟ್ಟುವವನು. ಆ ಅಡ್ಡಹೆಸರು ಬಂದದ್ದೂ ಹಾಗೆಯೇ.

"ಅತ್ತೆ ಏನಂದ್ರು ಗೊತ್ತಾ?" ಎಂದು ಫೋನಕ್ಕ ಭುಜಕ್ಕೆ ತಟ್ಟಿದಳು. ಬೆರಳು ಜಾರಿತು. ಪರೀಕ್ಷಿಸದ ಒಂದು ಝೋನು ಹಾರಿಹೋಯಿತು.

ಫೋನಕ್ಕ ಪರದೆಗೆ ಮೂಗು ತಾಗಿಸಿದಳು. "ಅಯ್ಯಯ್ಯೋ! ಇದು ಹಲ್ಲಿನ ಡಾಕ್ಟರಮ್ಮಂದು! ನಮ್ಮ ಮ್ಯಾನೇಜರ್ ಸಾಹೇಬ್ರು ಹಲ್ಲು ತೋರಿಸೋದು ಅಲ್ಲೇ. ನಿನ್ನೆ ಮನೇಲಿ ನೋಡ್ದೆ, ಸೈಟು ಚೆನ್ನಾಗೇ ನಡೀತಿತ್ತು!"

ಮೂರ್ಸಲ ತಿರುಗಿ ನೋಡಿದ. ಗಾಜಿನ ಕೋಣೆಯಲ್ಲಿ ಮ್ಯಾನೇಜರ್ ಬನ್ನಿನಂತೆ ಊದಿದ ಕೆನ್ನೆ ಹಿಡಿದು ಏನೋ ಬರೆಯುತ್ತಿದ್ದರು. ಎಲ್ಲವನ್ನೂ ಮೂರು ಸಲ ನೋಡುವವನಿಗೆ ಈಗ ಗಿರಾಕಿಗಳ ಪಟ್ಟಿಯನ್ನು ಒಂದು ಸಲ ನೋಡುವ ಧೈರ್ಯವೂ ಉಳಿಯಲಿಲ್ಲ.

"ನಿನ್ನೆಯ ಬ್ಯಾಕಪ್ಪಿಂದ ವಾಪಸ್ ಹಾಕು, ಯಾರಿಗೂ ಗೊತ್ತಾಗಲ್ಲ" ಎಂದು ಪಕ್ಕದ ಮೇಜಿನ ಹಳೇ ಹುಲಿ ದೊಡ್ಡಣ್ಣ ಪಿಸುಗುಟ್ಟಿದ.

ಬ್ಯಾಕಪ್ಪು ಸೊಂಟ ಹಿಡಿದವರಂತೆ ತೆವಳಿತು. ಇಪ್ಪತ್ತು ನಿಮಿಷ! ನಡುವೆ ಮ್ಯಾನೇಜರ್ ಒಮ್ಮೆ ಎದ್ದು ನಿಂತರು. ಮೂವರೂ ಪರದೆಗೆ ಅಡ್ಡ ನಿಂತರು. ಮ್ಯಾನೇಜರ್ ನೀರು ಕುಡಿದು ಮತ್ತೆ ಕೂತರು. ಕೊನೆಗೆ ಝೋನು ಸ್ವಸ್ಥಾನ ಸೇರಿತು. ಮೂರ್ಸಲ ಬೆವರು ಒರೆಸಿಕೊಂಡ.

ಅಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು.

"ಉತ್ತರ ಬಂತು ಕಣ್ರೋ!" ಮ್ಯಾನೇಜರ್ ಒಂದೇ ಕೆನ್ನೆಯಲ್ಲಿ ನಗುತ್ತಿದ್ದರು. "ಡಾಕ್ಟರಮ್ಮ ಫೋನ್ ಎತ್ತಲ್ಲ, ಕೈ ಯಾವಾಗ್ಲೂ ಯಾರದೋ ಬಾಯಲ್ಲಿ. ಹದಿನೈದು ದಿನದಿಂದ ಇಮೇಲ್ ಮಾಡ್ತಿದೀನಿ, ಒಂದೂ ತಲುಪಿಲ್ವಂತೆ. ಈಗ ಕಳಿಸಿದ್ದು ತಲುಪಿದೆ! ನಾಲ್ಕಕ್ಕೆ ಬನ್ನಿ ಅಂದಿದಾರೆ. ಅರ್ಧ ಗಂಟೇಲಿ ಒಪ್ಪಿಗೆ ಬರೀದಿದ್ರೆ ಬೇರೆಯವರಿಗೆ ಕೊಡ್ತಾರಂತೆ."

"ಒಪ್ಪಿಗೆ ಬರೆದ್ರಾ ಸಾರ್?" ಎಂದ ಮೂರ್ಸಲ.

"ಈಗ ತಾನೇ ಕಳಿಸ್ದೆ!"

ಈಗ ತಾನೇ. ಮೂರ್ಸಲನ ತಲೆಯಲ್ಲಿ ಏನೋ ಚುರ್ರೆಂದಿತು. ಕೂತು ಪರೀಕ್ಷಿಸಿದ, ಒಂದು ಸಲ, ಎರಡು ಸಲ, ಮೂರು ಸಲ. ಡಾಕ್ಟರಮ್ಮ ಕಂಪನಿ ಬಿಟ್ಟು ಎರಡು ವರ್ಷವಾಗಿತ್ತು. ಲೋಕಕ್ಕೆಲ್ಲ ಅವರ ಹೊಸ ವಿಳಾಸ ಗೊತ್ತು. ಈ ಆಫೀಸಿನ ಸರ್ವರು ಮಾತ್ರ ಕೊಳೆತ ಹಳೆಯ ಝೋನನ್ನೇ ನಂಬಿ ಇಲ್ಲಿಂದ ಹೋದ ಇಮೇಲನ್ನೆಲ್ಲ ಅವರ ಹಳೆಯ ಪೆಟ್ಟಿಗೆಗೇ ಹಾಕುತ್ತಿತ್ತು. ಕೈತಪ್ಪಿ ಅಳಿಸಿದ್ದೇ ಸರಿ. ಹೆಣಗಾಡಿ ವಾಪಸ್ ಹಾಕಿದ್ದೇ ತಪ್ಪು.

ಆ ಪೆಟ್ಟಿಗೆ ತೆರೆದ. ಮ್ಯಾನೇಜರ್ ಹದಿನೈದು ದಿನ ನರಳಿ ಬರೆದ ಇಮೇಲುಗಳ ಮೇಲೆ "ಖಂಡಿತ ಬರುತ್ತೇನೆ" ಎಂಬ ಒಪ್ಪಿಗೆ ತಣ್ಣಗೆ ಮಲಗಿತ್ತು. ಮೂರು ಸಲ ನೋಡಿ ಮುಗಿಸುವಷ್ಟರಲ್ಲಿ ಡಾಕ್ಟರಮ್ಮ ಕೊಟ್ಟ ಅರ್ಧ ಗಂಟೆ ಮುಗಿದು ಹತ್ತು ನಿಮಿಷವಾಗಿತ್ತು.

ಕಾಲೆಳೆದುಕೊಂಡು ಗಾಜಿನ ಬಾಗಿಲಿಗೆ ಹೋದ. "ಸಾರ್, ಒಂದು ವಿಷಯ..."

ಮ್ಯಾನೇಜರ್ ಆಗಲೇ ಶೂ ಹಾಕಿಕೊಂಡು ಸಿದ್ಧರಾಗಿದ್ದರು. ಕಾರಿನ ಕೀಲಿಯನ್ನು ಅವನ ಅಂಗೈಯಲ್ಲಿಟ್ಟರು.

"ನೋವಲ್ಲಿ ನನ್ನ ಕೈಲಿ ಆಗಲ್ಲ, ನೀನೇ ಓಡಿಸು. ವಿಷಯ ಏನಿದ್ರೂ ದಾರೀಲಿ ಹೇಳುವಿಯಂತೆ."