ಮಲ್ಲೇಶನ ಮೂಗು ಮತ್ತು ನನ್ನ ಹೆಬ್ಬೆರಳು

ಮೂಗಿನ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಲ್ಲ ಎಂದು ನಂಬಿದ್ದೆ. ಉದ್ದದಲ್ಲಂತೂ ಅಲ್ಲವೇ ಅಲ್ಲ. ಆದರೂ ನನ್ನ ಹೆಂಡತಿ ಶೋಭಾ ಬಾಯಿ ತೆರೆದರೆ ಹೊಗಳುವುದು ಮಲ್ಲೇಶನ ಮೂಗನ್ನು!

ಮಲ್ಲೇಶ ಅವಳ ಸೋದರಮಾವನ ಮಗ. ಬ್ಯಾಡಗಿ ಮಾರುಕಟ್ಟೆಯಲ್ಲಿ ಖರೀದಿದಾರರ ಪರವಾಗಿ ಮೆಣಸಿನಕಾಯಿ ನೋಡುವುದು ಅವನ ಉದ್ಯೋಗ. ಚೀಲಕ್ಕೆ ಕೈ ಹಾಕಿ ಒಂದು ಕಾಯಿ ತೆಗೆಯುತ್ತಾನೆ, ಮುರಿಯುತ್ತಾನೆ, ಹೆಬ್ಬೆರಳಿನಿಂದ ಉಜ್ಜುತ್ತಾನೆ, ಕಣ್ಣು ಮುಚ್ಚಿ ಮೂಸುತ್ತಾನೆ. ಆಮೇಲೆ "ಹ್ಞೂಂ" ಎನ್ನುತ್ತಾನೆ. ಆ ಒಂದು "ಹ್ಞೂಂ"ಗಾಗಿ ದೊಡ್ಡ ದೊಡ್ಡ ವ್ಯಾಪಾರಿಗಳು ಉಸಿರು ಹಿಡಿದು ನಿಂತಿರುತ್ತಾರೆ. ನಾನು ಅರ್ಧ ಗಂಟೆ ಮಾತಾಡಿದರೂ ನಮ್ಮ ಮನೆಯ ಬೆಕ್ಕು ತಿರುಗಿ ನೋಡುವುದಿಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಹೆಣ್ಣು ಕೊಡುವಾಗ ಮೊದಲು ಕೇಳುವುದು ಸೋದರಮಾವನ ಮನೆಯಲ್ಲಿ. ಅಲ್ಲಿ ಮಲ್ಲೇಶ ಒಲ್ಲೆ ಎಂದನೋ, ಶೋಭಾ ಒಲ್ಲೆ ಎಂದಳೋ, ನಾನು ಈವರೆಗೆ ಕೇಳಿಲ್ಲ. ಉತ್ತರ ಯಾವುದೇ ಬಂದರೂ ನನಗೆ ನಿದ್ದೆ ಬರುವುದಿಲ್ಲ.

ದೇವರು ನನಗೆ ಕೊಟ್ಟಿದ್ದು ಬೇರೆ ವಿದ್ಯೆ. ನಕಲು! ಹಾವೇರಿ ಬಸ್ಸಿನ ಕಂಡಕ್ಟರ್, ರಾಣೆಬೆನ್ನೂರಿನ ನನ್ನ ಮಾವ, ಯಾರನ್ನೂ ಬಿಟ್ಟವನಲ್ಲ ನಾನು. ಮಲ್ಲೇಶ ಮೂಸುವ ನಕಲಿಗಂತೂ ಮದುವೆ ಮನೆಗಳಲ್ಲಿ "ಇನ್ನೊಮ್ಮೆ, ಇನ್ನೊಮ್ಮೆ" ಎಂಬ ಬೇಡಿಕೆ ಇದೆ.

ಶೋಭಾ ಮನೆಯಲ್ಲೇ ಖಾರದ ಪುಡಿ ಮಾಡಿ ಮಾರುತ್ತಾಳೆ. ಚೀಟಿಯ ಮೇಲೆ 'ಅಪ್ಪಟ ಬ್ಯಾಡಗಿ' ಎಂದು ಅವಳೇ ದುಂಡಗೆ ಬರೆಯುತ್ತಾಳೆ. ಮೋಟೆಬೆನ್ನೂರು ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲಿ, ಬೀರನ್ನು ತಾವೇ ತಯಾರಿಸಿ ಮಾರುವ ಬ್ರೂಪಬ್ ಒಂದು ಹೊಸದಾಗಿ ಶುರುವಾಗಿದೆ. ಅದರ ಅಡುಗೆಮನೆಗೆ ಹೋಗುವುದು ಇವಳದೇ ಪುಡಿ. ಅಲ್ಲಿ ಬೀರು ಮಾಡುವವನು ಬೆಳಗಾವಿಯ ಸಚಿನ್ ಎಂಬ ಹುಡುಗ. ಒಂದು ದಿನ ಅವನು ಶೋಭಾಳನ್ನು ಕೇಳಿದ.

"ಅಕ್ಕಾರ, ಬ್ರೌನ್ ಪೋರ್ಟರ್ ಅಂತ ಕಂದು ಬಣ್ಣದ ಬೀರು ಮಾಡೇನಿ. ನಿಮ್ಮ ಮಂದಿಗೆ ತಿಳಿಯೂ ಹಂಗ ಅದರ ರುಚಿ ಹೇಳವರು ಒಬ್ಬರು ಬೇಕಾಗ್ಯಾರ. ಚಲೋ ಹೇಳಿದವರ ಹೆಸರು ಬೋರ್ಡಿನ ಮ್ಯಾಲೆ ಬರೀತೇನಿ. ಪ್ರತಿ ಶನಿವಾರ ಅವರ ನನಗ ರುಚಿ ನೋಡಿ ಹೇಳ್ಬೇಕು."

"ಅದಕ್ಕ ನಮ್ಮ ಮಲ್ಲೇಶ ಮಾವ ಅದಾರಲ್ರಿ!" ಎಂದಳು ಶೋಭಾ.

ಪುಡಿಯ ಚೀಲ ಹೆಗಲ ಮೇಲೆ ಹೊತ್ತು ಅವಳ ಪಕ್ಕದಲ್ಲೇ ನಿಂತಿದ್ದವನು ನಾನು. ಕಟ್ಟಿಕೊಂಡ ಗಂಡ!

"ನಾನೂ ಬರ್ತೇನಿ. ನನಗೂ ನಾಲಿಗಿ ಐತಿ" ಎಂದೆ.

"ಗೊತ್ತೈತ್ರಿ. ಓಣಿಗೆಲ್ಲಾ ಗೊತ್ತೈತಿ."

ಅಂದೇ ಶಪಥ ಮಾಡಿದೆ. ಆ ಬೋರ್ಡಿನ ಮೇಲೆ ಹೆಸರು ಬಂದರೆ ಶಂಭುಲಿಂಗ ಎಂದೇ ಬರಬೇಕು!

ರುಚಿ ನೋಡುವ ಪರೀಕ್ಷೆಯ ದಿನ ಬೆಳಿಗ್ಗೆ ಒಂದು ಜಾಣತನ ಮಾಡಿದ್ದೆ. ಬ್ಯಾಡಗಿ ಕಾಯಿಯ ಗುಣ ಊರಿಗೇ ಗೊತ್ತು. ಬಣ್ಣ ಭಾರಿ, ಖಾರ ಕಡಿಮೆ. ಪಬ್ಬಿನ ಅಡುಗೆಯವನು ಒಮ್ಮೆ ನನ್ನ ಕಿವಿಯಲ್ಲಿ, "ಇನ್ನೊಂದು ಚೂರು ಖಾರ ಇದ್ದಿದ್ರ ಬೇಷಿತ್ತು" ಎಂದಿದ್ದ. ಗಿರಾಕಿಯೇ ದೇವರು. ಗಿರಣಿಗೆ ಹೋಗುವಾಗ ಎರಡು ಕೆಜಿ ಗುಂಟೂರು ಕಾಯಿ ಕೊಂಡು, ಶೋಭಾಗೆ ಹೇಳದೆ ಸೇರಿಸಿ ಬೀಸಿಸಿದೆ. ಗುಂಟೂರು ಎಂದರೆ ಕೆಂಡ! ಪುಡಿಯನ್ನು ಕೈಯಾರೆ ಕಲಸಿದೆ. ಹೊಗಳಿಕೆ ಬಂದ ಮೇಲೆ ಗುಟ್ಟು ಬಿಚ್ಚಿ ಅವಳನ್ನು ಬೆರಗುಗೊಳಿಸುವುದು ನನ್ನ ಯೋಜನೆ. ಆಮೇಲೆ ಕೈಯನ್ನೂ ತೊಳೆದೆ. ನಲ್ಲಿಯ ಕೆಳಗೆ ಒಂದು ಕ್ಷಣ, ಪ್ಯಾಂಟಿನ ಮೇಲೆ ಎರಡು ಕ್ಷಣ.

ಮಧ್ಯಾಹ್ನ ಪುಡಿಯ ಚೀಲವನ್ನು ಅಡುಗೆಮನೆಗೆ ಕೊಟ್ಟು ಮೇಜಿಗೆ ಬಂದು ಕುಳಿತೆವು. ಮಲ್ಲೇಶ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೊದಲೇ ಬಂದಿದ್ದ. ಸಚಿನ್ ನಮ್ಮಿಬ್ಬರಿಗೂ ಒಂದೊಂದು ಸಣ್ಣ ಗ್ಲಾಸು ಇಟ್ಟ. ಶೋಭಾಗೆ ನಿಂಬೆ ಸೋಡಾ. ಬೀರು ಬೆಳಕಿಗೆ ಹಿಡಿದರೆ ಕೆಂಪು ಹೊಳೆಯುವ ಕಂದು, ಮೇಲೆ ಎಮ್ಮೆ ಹಾಲಿನಂಥ ದಪ್ಪ ನೊರೆ.

ಮಲ್ಲೇಶ ಮೂಸಿದ. ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿದ. "ಹ್ಞೂಂ."

"ಹೇಳ್ರಿ ಮಾವ!" ಎಂದಳು ಶೋಭಾ.

"ರೊಟ್ಟಿ ಹಂಚಿನ ಮ್ಯಾಲೆ ಇದ್ದಾಗ ಒಂದು ಅಂಚು ಚೂರು ಸೀದಿರ್ತದ ನೋಡು, ಆ ಅಂಚಿಗೆ ಹಳೇ ಬೆಲ್ಲ ಹಚ್ಚಿ ತಿಂದಂಗ ಐತಿ. ಕಡೀಕ ಡಿಕಾಕ್ಷನ್ ಕಹಿ, ಆದ್ರ ಸಿಟ್ಟಿನ ಕಹಿ ಅಲ್ಲ."

ಸಚಿನ್ ಲಗುಬಗೆಯಿಂದ ಬರೆದುಕೊಂಡ. ಶೋಭಾ ಕೆನ್ನೆಗೆ ಕೈ ಹಚ್ಚಿ, "ಅಯ್ಯ, ಕುಡೀಲಾರದ ನನಗೂ ರುಚಿ ಬಂತ ನೋಡ್ರಿ!" ಎಂದಳು.

ಮದುವೆಯಾಗಿ ಮೂರು ವರ್ಷ. ನನ್ನ ಯಾವ ಮಾತಿಗೂ ಅವಳಿಗೆ ಯಾವ ರುಚಿಯೂ ಬಂದಿಲ್ಲ!

ನಾನೂ ಗ್ಲಾಸೆತ್ತಿ ಕುಡಿದೆ. ಖರೇ ಹೇಳಬೇಕೆಂದರೆ ನನಗೂ ಸಿಕ್ಕಿದ್ದು ಅದೇ ರೊಟ್ಟಿ, ಅದೇ ಬೆಲ್ಲ. ಆದರೆ ಅವನು ಹೇಳಿದ್ದನ್ನೇ ಹೇಳಿದರೆ ಬೋರ್ಡಿನ ಗತಿ? ಮಲ್ಲೇಶನ ಠೀವಿಯನ್ನೇ ಆವಾಹಿಸಿಕೊಂಡೆ. ಗ್ಲಾಸಿನ ಅಂಚನ್ನು ಹೆಬ್ಬೆರಳಿನಿಂದ ಸುತ್ತಲೂ ಉಜ್ಜಿದೆ, ಕಾಯಿ ಉಜ್ಜಿದ ಹಾಗೆ. ಕಣ್ಣು ಮುಚ್ಚಿ ಮೂಸಿದೆ. ಇನ್ನೊಂದು ಗುಟುಕು ಎಳೆದೆ. ತುಟಿಗೆ ಬೆಂಕಿ ಬಿತ್ತು!

ಮಲ್ಲೇಶನಿಗೆ ಸಿಗದ ರುಚಿ ನನಗೆ ಸಿಕ್ಕಿತ್ತು.

"ಹ್ಞೂಂ. ಇದರಾಗ ಖಾರ ಐತಿ" ಎಂದು ಘೋಷಿಸಿದೆ.

"ಖಾರ ಹಾಕೇ ಇಲ್ರಿ!" ಎಂದ ಸಚಿನ್. "ಮಲ್ಲೇಶಣ್ಣಾರಿಗೆ ಹತ್ತಲಿಲ್ಲಲ್ಲ?"

"ಎಲ್ಲಾರ ನಾಲಿಗಿಗೂ ಹತ್ತೂದಿಲ್ಲ ಬಿಡ್ರಿ ಅದು" ಎಂದು ಮಲ್ಲೇಶನ ಕಡೆ ಕರುಣೆಯಿಂದ ನೋಡಿದೆ. ಜೀವನದ ಅತ್ಯುತ್ತಮ ಕ್ಷಣ. ಬಾಳಿದ್ದು ಅಷ್ಟೇ ಹೊತ್ತು.

ಸಚಿನ್ ನನ್ನ ಗ್ಲಾಸಿನಿಂದ ಒಂದು ಗುಟುಕು ಕುಡಿದು ಕೆಮ್ಮಿದ. ಮುಖ ಬಿಳಿಚಿತು. "ಖರೇನ ಐತಿ! ಟ್ಯಾಂಕಿಗೇ ಇಳಿದಿದ್ರ ಪೂರಾ ಬೀರು ಚೆಲ್ಲೂದ!" ಎಂದು ತಲೆಗೆ ಕೈ ಹಚ್ಚಿದವನು ಶೋಭಾಳ ಕಡೆ ತಿರುಗಿದ. "ಅಕ್ಕಾರ, ನಮ್ಮ ಬಾರ್ಲಿ ಚೀಲದ ಬಾಜೂಕ ನಿಮ್ಮ ಪುಡಿ ಚೀಲ ಇಟ್ಟಿದ್ರೇನು? ನಿಮ್ಮ ಪುಡೀನ ಹಾರಿ ಬಿದ್ದಿರ್ಬೇಕು. ಹಿಂಗಾದ್ರ ನಿಮ್ಮ ಪುಡಿ ನಮಗ ಬ್ಯಾಡ್ರಿ."

ಶೋಭಾ ಸೋಡಾವನ್ನು ಮೇಜಿನ ಮೇಲಿಟ್ಟಳು. ಆ ವ್ಯಾಪಾರ ಅವಳು ಒಬ್ಬಳೇ ಕಟ್ಟಿದ್ದು. ನಾನು ಹೊಡೆಯಲು ಹೊರಟಿದ್ದು ಮಲ್ಲೇಶನನ್ನು, ಕಲ್ಲು ಬಿದ್ದಿದ್ದು ಹೆಂಡತಿಗೆ! "ನನ್ನ ನಾಲಿಗಿ ತಪ್ಪಿರಬೇಕ್ರಿ..." ಎಂದು ಶುರು ಮಾಡಿದೆ. ಯಾರೂ ಕೇಳಲಿಲ್ಲ.

ಮಲ್ಲೇಶ ಮೆಲ್ಲಗೆ ನನ್ನ ಗ್ಲಾಸು ಎತ್ತಿ ಅಂಚನ್ನು ಮೂಸಿದ.

"ತಡೀರಿ ಸಚಿನ್. ಇದು ಬ್ಯಾಡಗಿ ಕಾಯಿ ಅಲ್ಲ. ಗುಂಟೂರು."

ಶೋಭಾ ಎದ್ದು ನಿಂತಳು. "ಹಂಗಾದ್ರ ನಮ್ಮ ಪುಡಿ ಅಲ್ಲ! ನಮ್ಮದು ಅಪ್ಪಟ ಬ್ಯಾಡಗಿ! ಹೌದಿಲ್ರಿ?" ಎಂದು ನನ್ನನ್ನೇ ಸಾಕ್ಷಿಗೆ ಕರೆದಳು.

ನನಗೆ ಬೆವರು ಕಿತ್ತುಕೊಂಡು ಬಂತು. ಅದನ್ನು ಒರೆಸಿಕೊಂಡೆ. ಯಾವುದರಿಂದ? ಅದೇ ಬಲಗೈಯಿಂದ. ಎಲ್ಲಿ? ಎರಡೂ ಕಣ್ಣಿನ ಮೇಲೆ!

"ಅಯ್ಯೋ ಸತ್ತ್ನೆಪೋ!"

ಕುರ್ಚಿ ಬಿತ್ತು, ನಾನು ಬಿದ್ದೆ, ಗ್ಲಾಸು ಬಿತ್ತು. ಯಾರೋ ನನ್ನನ್ನು ಎತ್ತಿ ನಲ್ಲಿಯ ಹತ್ತಿರ ಎಳೆದೊಯ್ದು ಕಣ್ಣಿಗೆ ನೀರು ಹೊಡೆದರು. ಕಣ್ಣು ಬಿಟ್ಟು ನೋಡಿದರೆ ಮಲ್ಲೇಶ. ಅವನು ನನ್ನ ಬಲಗೈ ಹಿಡಿದು ಮೂಸಿ, ದನಿ ತಗ್ಗಿಸಿ ಕೇಳಿದ.

"ಶಂಭಣ್ಣ, ಎಷ್ಟು ಕೆಜಿ ಕೂಡಿಸೀರಿ?"

"ಎರಡು" ಎಂದೆ, ಅಳುತ್ತ. ಹಿಂದೆಯೇ ಶೋಭಾ ನಿಂತಿದ್ದಳು.

ಅವಳು ಸೀದಾ ಅಡುಗೆಮನೆಗೆ ಹೋಗಿ ಬೆಳಗಿನ ಪುಡಿಯ ಚೀಲವನ್ನು ತಾನೇ ಹೊತ್ತು ತಂದು ಸಚಿನ್ ಮುಂದೆ ನಿಂತಳು. "ನಿಮ್ಮ ಬೀರಿಗೆ ಏನೂ ಆಗಿಲ್ರಿ. ಇದು ನಮ್ಮನಿಯವರ ಕೈಗುಣ. ನಾಳೆ ಬ್ಯಾರೆ ಪುಡಿ ಕೊಡ್ತೇನಿ, ಬೇಕಾದ್ರ ಮಾವನ ಕಡೆ ಮೂಸಿಸಿ ತಗೋರಿ."

ವ್ಯಾಪಾರ ಉಳಿಯಿತು. ಆ ಕೆಂಡದ ಪುಡಿ ಇವತ್ತಿಗೂ ಮನೆಯಲ್ಲಿದೆ. ನನ್ನ ತಟ್ಟೆಗೆ ಮಾತ್ರ.

ಬೋರ್ಡಿನ ಮೇಲೆ ಈಗ 'ಸೀದ ರೊಟ್ಟಿ, ಹಳೇ ಬೆಲ್ಲ' ಎಂದಿದೆ, ಕೆಳಗೆ ಮಲ್ಲೇಶನ ಹೆಸರಿದೆ. ಪ್ರತಿ ಶನಿವಾರ ಅವನು ರುಚಿ ನೋಡುತ್ತಾನೆ. ಕುಡಿದವನು ಗಾಡಿ ಓಡಿಸಬಾರದಲ್ಲ, ಅವನನ್ನು ಹಿಂದೆ ಕೂರಿಸಿಕೊಂಡು ಬರುವ ಸೇವೆ ನನ್ನದು. ಬಾಗಿಲಲ್ಲಿ ಎಲ್ಲರ ಬ್ಯಾಗು ನೋಡುವ ಕಾವಲುಗಾರ ನನ್ನ ಕೈ ಮಾತ್ರ ನೋಡುತ್ತಾನೆ. ಒಳಗೆ ನನಗೆ ನಿಂಬೆ ಸೋಡಾ. ಅಂಚು ಮುಟ್ಟದ ಹಾಗೆ, ಸ್ಟ್ರಾ ಹಾಕಿ.

ಅದನ್ನೆಲ್ಲ ಸಹಿಸಿಕೊಂಡಿದ್ದೆ. ಆದರೆ ಹೋದ ವಾರ ಒಂದು ಮದುವೆ ಮನೆಯಲ್ಲಿ ಮಲ್ಲೇಶ ಎಲ್ಲರ ನಡುವೆ ಕುರ್ಚಿ ಹಾಕಿ ಕುಳಿತು, ಲೋಟದ ಅಂಚು ಉಜ್ಜಿ, "ಹ್ಞೂಂ" ಎಂದು, ಎರಡೂ ಕಣ್ಣು ಒರೆಸಿಕೊಂಡು, "ಅಯ್ಯೋ ಸತ್ತ್ನೆಪೋ!" ಎಂದು ಕುರ್ಚಿಯಿಂದ ಉರುಳಿದ. ಚಪ್ಪರಕ್ಕೆ ಚಪ್ಪರವೇ ನಕ್ಕಿತು. "ಇನ್ನೊಮ್ಮೆ, ಇನ್ನೊಮ್ಮೆ" ಎಂದಿತು.

ಶೋಭಾ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಏನ್ರಿ, ನಿಮ್ಮ ನಕಲು ನಿಮಗಿಂತ ಮಾವನೇ ಚಲೋ ಮಾಡ್ತಾರಲ್ರಿ!"