ಭಾವನ ಕೈಗೆ ಬಿಲ್ ಸಿಗದಂತೆ

ನನ್ನ ಭಾವ ತಮಗಾಗಿ ಒಂದು ರೂಪಾಯಿಯನ್ನೂ ದುಂದು ಮಾಡದೆ ದಿವಾಳಿಯಾದವರು. ಕುಡಿತ ಇಲ್ಲ, ಇಸ್ಪೀಟು ಇಲ್ಲ. ಅಂಗಿಯ ಕಾಲರ್ ಸವೆದರೆ ಅಕ್ಕನಿಂದ ತಿರುಗಿಸಿ ಹೊಲಿಸಿಕೊಳ್ಳುತ್ತಾರೆ. ಅವರ ಚಟ ಒಂದೇ: ಹೋಟೆಲಿನಲ್ಲಿ ಬೇರೆಯವರು ಬಿಲ್ ಕೊಡುವುದನ್ನು ಅವರಿಂದ ನೋಡಲಾಗದು!

ಬಿಲ್ಲಿಗಾಗಿ ಗುದ್ದಾಡುವುದು ನಮ್ಮ ಕಡೆ ಮರ್ಯಾದೆಯ ಭಾಗ. ಎರಡು ಸಲ ‘ನಾನು ಕೊಡ್ತೇನೆ’ ಎನ್ನಬೇಕು, ಮೂರನೆಯ ಸಲಕ್ಕೆ ಸೋಲಬೇಕು. ಈ ಸೋಲುವ ಭಾಗವನ್ನು ಭಾವನಿಗೆ ಯಾರೂ ಕಲಿಸಿಲ್ಲ. ನೀರುದೋಸೆ ತಟ್ಟೆಯಲ್ಲಿ ಅರ್ಧ ಇರುವಾಗಲೇ ಕೈ ತೊಳೆಯುವ ನೆಪದಲ್ಲಿ ಎದ್ದು, ಎಂಜಲು ಕೈಯನ್ನು ಬೆನ್ನ ಹಿಂದಿಟ್ಟುಕೊಂಡು, ಎಡಗೈಯಲ್ಲಿ ಹಣ ಚಾಚಿ ಬರುತ್ತಾರೆ. ಒಮ್ಮೆ ಮಡಿಕೇರಿಗೆ ಹೋಗುವಾಗ ಕಲ್ಲುಗುಂಡಿಯಲ್ಲಿ ಚಹಾಕ್ಕೆ ನಿಂತಿದ್ದೆವು. ಪಕ್ಕದ ಎರಡು ಮೇಜುಗಳ ತುಂಬ ಮದುವೆ ದಿಬ್ಬಣದವರು. ಅವರ ಬಿಲ್ಲನ್ನೂ ಇವರೇ ಕೊಟ್ಟರು!

“ಅವರು ಯಾರು ಭಾವ?”

“ಗೊತ್ತಿಲ್ಲ ಮಾರಾಯ. ಅದರಲ್ಲಿ ಒಬ್ಬ ನನ್ನನ್ನು ನೋಡಿ ನಗಾಡಿದ.”

ಕಡಬದಲ್ಲಿ ಪಂಪಿನ ಮೋಟಾರು ರಿಪೇರಿ ಮಾಡುವ ಭಾವನಂಥವರ ಕಿಸೆಗೆ ಒಂದು ಮಿತಿ ಇರುತ್ತದೆ. ಆ ಮಿತಿಯನ್ನು ಕಿತ್ತೆಸೆದದ್ದು ಕ್ರೆಡಿಟ್ ಕಾರ್ಡು. ಪುತ್ತೂರಿಗೆ ತಾಮ್ರದ ತಂತಿ ತರಲು ಹೋಗಿದ್ದ ಭಾವ, ಟೈ ಕಟ್ಟಿಕೊಂಡು ಬಿಸಿಲಿನಲ್ಲಿ ನಿಂತು ಕಾರ್ಡು ಮಾರುತ್ತಿದ್ದವನೊಬ್ಬನನ್ನು ನೋಡಿ ಪಾಪವೆನಿಸಿ ಅರ್ಜಿಗೆ ಸಹಿ ಹಾಕಿದರು. ಅವನಿಗೆ ಜ್ಯೂಸ್ ಕುಡಿಸಿಯೇ ಬಂದರು. ಮುಂದೆ ಬಂದ ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂಬ ಸಾಲು ಕಂಡಾಗಲಂತೂ ಕರಗಿಯೇ ಹೋದರು.

“ಎಷ್ಟು ಒಳ್ಳೆ ಜನ ನೋಡು! ನಲ್ವತ್ತು ಸಾವಿರಕ್ಕೆ ಎರಡು ಸಾವಿರ ಕೊಟ್ರೆ ಸಾಕಂತೆ.”

“ಉಳಿದದ್ದು?”

“ಅವರಿಗೆ ಅರ್ಜೆಂಟಿಲ್ಲ.”

ಅರ್ಜೆಂಟ್ ಇರಲಿಲ್ಲ, ನಿಜ. ಬಡ್ಡಿ ಆ ವೇಗದಲ್ಲಿ ಓಡುತ್ತಿರುವಾಗ ಯಾರಿಗೆ ತಾನೇ ಅರ್ಜೆಂಟ್? ಮೊದಲನೆಯ ಕಾರ್ಡಿನ ಕಂತು ಕಟ್ಟಲು ಎರಡನೆಯ ಕಾರ್ಡು ಬಂತು. ಅದರ ಹಿಂದೆಯೇ ವಸೂಲಿಯವನೂ ಬಂದ. ಮೀಸೆ ತಿರುವಿಕೊಂಡು ಜಗಲಿ ಹತ್ತಿದವನನ್ನು ಭಾವ ಕೇಳಿದ ಮೊದಲ ಪ್ರಶ್ನೆ, “ನಿನ್ನದು ಎಲ್ಲಿ ಆಯ್ತು?” ಅವನು ಜಾಲ್ಸೂರು ಎಂದ. ಜಾಲ್ಸೂರೆಂದರೆ ಭಾವನ ತಾಯಿಯ ಊರು! ಆಮೇಲೆ ಸಾಲದ ಮಾತೆಲ್ಲಿ? ಇಬ್ಬರೂ ಆ ಕಡೆಯ ಮನೆಮಾತಾದ ಅರೆಭಾಷೆಯಲ್ಲಿ ಮಾತಾಡುತ್ತ ಮೀನೂಟಕ್ಕೆ ಹೋದರು. ಬಿಲ್ ಕೊಟ್ಟದ್ದು ಭಾವ. ಯಾವುದರಿಂದ? ಎರಡನೆಯ ಕಾರ್ಡಿನಿಂದ!

ಅಕ್ಕನಿಗೆ ಇದೊಂದೂ ಗೊತ್ತಿರಲಿಲ್ಲ. ಅವಳದು ಕಡಬದಲ್ಲಿ ಸಣ್ಣದೊಂದು ಟೈಲರಿಂಗ್ ಅಂಗಡಿ. ಮದುವೆ ರವಿಕೆಗಳ ಕಸೂತಿ ಕೆಲಸವೆಲ್ಲ ಪುತ್ತೂರಿನವರ ಪಾಲಾಗುತ್ತಿತ್ತು. ಒಂದು ಕಂಪ್ಯೂಟರ್ ಕಸೂತಿ ಯಂತ್ರ ಹಾಕಿದರೆ ಇಲ್ಲೇ ಮಾಡಬಹುದೆಂದು ಅವಳು ಬ್ಯಾಂಕಿನಲ್ಲಿ ಸಾಲಕ್ಕೆ ಅರ್ಜಿ ಹಾಕಿದಳು. ಜೊತೆಗೆ ಗಂಡನ ಸಹಿಯೂ ಬೇಕೆಂದರು. ಭಾವನ ಕ್ರೆಡಿಟ್ ಸ್ಕೋರ್ ತೆಗೆದು ನೋಡಿದ ಮ್ಯಾನೇಜರ್ ಮೇಡಂ ಮುಖ ಸಪ್ಪೆ ಮಾಡಿ, “ಐನೂರ ನಲವತ್ತೆಂಟು” ಎಂದರು.

ಎಸ್‌ಎಸ್‌ಎಲ್‌ಸಿ ಎಂದರೆ ಜೀವ ಬಿಡುವ ಜಿಲ್ಲೆ ನಮ್ಮದು. ಅಂಕ ಎಂದರೆ ಆರುನೂರ ಇಪ್ಪತ್ತೈದಕ್ಕೆ ಎಂದೇ ಲೆಕ್ಕ. ಭಾವ ಕುರ್ಚಿಯಲ್ಲಿ ನೆಟ್ಟಗೆ ಕೂತು, “ಡಿಸ್ಟಿಂಕ್ಷನ್!” ಎಂದರು. ಮೇಡಂ ತಡೆಯುವಷ್ಟರಲ್ಲಿ ಪಕ್ಕದ ಬೇಕರಿಗೆ ಹೋಗಿ, ಬ್ಯಾಂಕಿನವರಿಗೆಲ್ಲ ಹಂಚಲು ಒಂದು ಕಿಲೋ ಮೈಸೂರುಪಾಕ್ ತಂದರು. ಈ ಅಂಕ ಒಂಬೈನೂರಕ್ಕೆ, ಇದರಲ್ಲಿ ಭಾವ ಫೇಲು, ಆದ್ದರಿಂದ ಅಕ್ಕನಿಗೆ ಸಾಲ ಇಲ್ಲ ಎಂಬ ಸುದ್ದಿಯನ್ನು ಮೇಡಂ ಆ ಮೈಸೂರುಪಾಕ್ ಕೈಯಲ್ಲಿ ಹಿಡಿದುಕೊಂಡೇ ಹೇಳಬೇಕಾಯಿತು.

ಅಂದು ಸಂಜೆ ಅಕ್ಕ ಬೈದದ್ದನ್ನು ಇಲ್ಲಿ ಅಚ್ಚು ಮಾಡುವಂತಿಲ್ಲ.

ವಸೂಲಿಯವನು ಮೀನೂಟದ ಋಣಕ್ಕೆ ಒಂದು ದಾರಿ ತಂದ. “ಅರ್ಧ ಕಟ್ಟಿ ಅಣ್ಣ, ಉಳಿದದ್ದು ಬಿಡುವ ಹಾಗೆ ಸೆಟಲ್‌ಮೆಂಟ್ ಮಾಡಿಸಿ ಕೊಡ್ತೇನೆ.” ಭಾವನಿಗೆ ಹುಟ್ಟಿದಂದಿನಿಂದ ಇಷ್ಟು ಅವಮಾನ ಆದದ್ದಿಲ್ಲ. “ಅರ್ಧ ಬಿಲ್ ಕೊಡುವ ಜನ ಅಂತ ಮಾಡಿದ್ದೀಯಾ ನನ್ನನ್ನು?” ಎಂದು ಎದ್ದು ನಿಂತರು. ಅವರ ಹುಚ್ಚು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಅರ್ಧಕ್ಕೆ ಒಪ್ಪಿದ್ದರೆ ಆ ಕಲೆ ದಾಖಲೆಯಲ್ಲಿ ವರ್ಷಗಟ್ಟಲೆ ಉಳಿಯುತ್ತಿತ್ತು ಎಂದು ಮೇಡಂ ಆಮೇಲೆ ಹೇಳಿದರು. ಭಾವ ಪ್ರೀತಿಯ ಬೈಕ್ ಮಾರಿದರು. ಅದು ಸಾಲದೆ, ಭಾನುವಾರವೂ ಕೂತು ಮೋಟಾರಿಗೆ ತಂತಿ ಸುತ್ತಿದರು. ವರ್ಷ ಕಳೆಯುವಾಗ ಎರಡೂ ಕಾರ್ಡುಗಳ ಬಾಕಿ ತೀರಿತು.

ಬೈಕ್ ಹೋದ ಮೇಲೆ ಓಡಾಟ ಬಸ್ಸಿನಲ್ಲಿ. ಅಲ್ಲಿ ಗುರುತಿನವರಿಗೆಲ್ಲ ಟಿಕೆಟ್ ತೆಗೆಯಲು ಶುರು ಮಾಡಿದರು! ಪುಣ್ಯಕ್ಕೆ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ. ಭಾವನಿಗಿಂತ ಮೊದಲೇ ಬಿಲ್ ಕೊಟ್ಟು ಗೆದ್ದದ್ದು ಈ ಲೋಕದಲ್ಲಿ ಸರಕಾರ ಒಂದೇ.

ಸಾಲ ತೀರಿದರೂ ಅಂಕ ಏರಬೇಕಲ್ಲ? ಅದಕ್ಕೆ ಮೇಡಂ ಹೇಳಿದ ಮದ್ದು ಕೇಳಿ ನನಗೆ ತಲೆ ತಿರುಗಿತು. ಇನ್ನೊಂದು ಕ್ರೆಡಿಟ್ ಕಾರ್ಡು! ಸಣ್ಣದೊಂದು ಠೇವಣಿ ಇಟ್ಟು ಅದರ ಮೇಲೆ ಕಾರ್ಡು ಪಡೆಯಬೇಕು, ಸ್ವಲ್ಪವೇ ಬಳಸಬೇಕು, ಗಡುವಿನೊಳಗೆ ಪೂರ್ತಿ ಕಟ್ಟಬೇಕು. ಕುಡುಕನಿಗೆ ದಿನಾ ಒಂದೊಂದು ಚಮಚ ಕುಡಿಸಿ ಗುಣಪಡಿಸುವ ಹಾಗೆ! ಕಾರ್ಡನ್ನು ಅಕ್ಕ ತನ್ನ ಹೊಲಿಗೆ ಮೆಷಿನಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು. ತಿಂಗಳಿಗೊಮ್ಮೆ ಅಂಗಡಿಯ ಕರೆಂಟ್ ಬಿಲ್ ಕಟ್ಟಲು ಮಾತ್ರ ಅದಕ್ಕೆ ಬಿಡುಗಡೆ. ಹೋಟೆಲುಗಳಲ್ಲಿ ಭಾವನನ್ನು ಕಾಯುವ ಕೆಲಸ ನನ್ನ ಪಾಲಿಗೆ ಬಂತು.

ಸುಳ್ಯದಲ್ಲಿ ಅವರ ಸ್ನೇಹಿತರೊಬ್ಬರು ಊಟಕ್ಕೆ ಕರೆದಿದ್ದರು. ಬಿಲ್ ಬಂದ ಕೂಡಲೇ ಭಾವ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡು ಫ್ಯಾನ್ ನೋಡತೊಡಗಿದರು. ಹಣೆಯಲ್ಲಿ ಬೆವರು. “ಇವರಿಗೆ ಹುಷಾರಿಲ್ವಾ ಎಂತ?” ಎಂದು ಸ್ನೇಹಿತರು ಗಾಬರಿಯಾದರು. ಅಂತೂ ಬಿಲ್ ಕೊಟ್ಟದ್ದು ಆ ಸ್ನೇಹಿತರೇ. ಗೆದ್ದೆವೆಂದುಕೊಂಡು ಹೊರಗೆ ಬಂದರೆ ಸಪ್ಲಾಯರ್ ಓಡಿಬಂದು ಭಾವನಿಗೆ ಕೈಮುಗಿದ. ಬಿಲ್ಲಿಗಿಂತ ಹೆಚ್ಚು ಟಿಪ್ಸ್ ಇಟ್ಟಿದ್ದರು!

“ಎಂತ ಭಾವ ಇದು?”

“ಬಿಲ್ ಕೊಡ್ಬೇಡಿ ಅಂತ ಹೇಳಿದ್ದು ನಿನ್ನ ಅಕ್ಕ. ಟಿಪ್ಸಿನ ವಿಷಯ ಹೇಳ್ಲಿಲ್ಲ.”

ಇಂಥವರನ್ನು ಕಟ್ಟಿಕೊಂಡು ಅಂಕ ಏಳುನೂರು ದಾಟಿಸಲು ಇನ್ನೂ ಒಂದು ವರ್ಷ ಹಿಡಿಯಿತು. ಮೊನ್ನೆ ಮೂವರೂ ಮತ್ತೆ ಅದೇ ಮೇಡಂ ಮುಂದೆ ಕೂತೆವು. ಅಕ್ಕನ ಸಾಲ ಮಂಜೂರಾಗಿತ್ತು. ಅವಳು ಸಹಿ ಹಾಕಿ ಕಾಗದವನ್ನು ಭಾವನತ್ತ ಸರಿಸಿದಳು. ಅವರು ಪೆನ್ನು ಹಿಡಿದವರು ಸಹಿ ಹಾಕುವ ಬದಲು ಮೇಡಂ ಕಡೆ ನೋಡಿದರು.

“ಮೇಡಂ, ಇನ್ನು ನನ್ನ ಹೆಸರು ಇವಳಿಗೆ ಅಡ್ಡ ಬರುದಿಲ್ವಲ್ಲ?”

ದನಿ ಭಾವನದೇ ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮೇಡಂ ಇಲ್ಲವೆಂದು ತಲೆಯಾಡಿಸಿದರು. “ಸೈನ್ ಹಾಕಿ ಮಾರಾಯ್ರೆ, ಅವರಿಗೆ ಬೇರೆ ಕೆಲಸ ಉಂಟು” ಎಂದು ಅಕ್ಕ ಗದರಿದಳು. ಭಾವ ಸಹಿ ಹಾಕಿದರು. ಮೇಡಂ ಕೊನೆಯ ಪುಟ ತಿರುಗಿಸಿ, “ಹೊಸ ಕಸೂತಿ ಯೂನಿಟ್ಟಿಗೆ ಎಂತ ಹೆಸರು ಬರೀಲಿ?” ಎಂದು ಕೇಳಿದರು.

ಅಕ್ಕ ಭಾವನ ಹೆಸರು ಹೇಳಿದಳು.

ನಮ್ಮ ಮನೆಯ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ. ಆ ಹೆಸರು ಅವಳ ಬಾಯಿಂದ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಮೇಡಂಗೆ ಸರಿಯಾಗಿ ಕೇಳಿಸಲಿಲ್ಲವೋ ಏನೋ, ತಲೆ ಎತ್ತಿ ನೋಡಿದರು. ಅಕ್ಕ ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದಳು.